ಕತ್ತಿ ಸರಿ, ಗಿರಾಕಿ ಬೇರೆ

ಮೊನ್ನೆ ಅಂಗಿಯ ಗುಂಡಿ ಹುಡುಕಲೆಂದು ಹೊಲಿಗೆ ಡಬ್ಬಿಗೆ ಕೈ ಹಾಕಿದರೆ ಸಿಕ್ಕಿದ್ದು ಕ್ಷೌರದ ಕತ್ತಿ. ಸೂಜಿ ದಾರದ ನಡುವೆ ಕ್ಷೌರದ ಕತ್ತಿಗೇನು ಕೆಲಸ ಎಂದು ನೀವು ಕೇಳುತ್ತೀರಿ. ನಮ್ಮ ಮನೆಯವರೂ ಕೇಳಿದರು, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕೇಳಿದರು. ಮಡಚಿದರೆ ಅಂಗೈಯೊಳಗೆ ಅಡಗುವ, ಕಪ್ಪು ಹಿಡಿಯ, ಹಳೇ ಕಾಲದ ಕತ್ತಿ ಅದು. ಅಲಗಿನ ತುದಿಯಲ್ಲಿ ಸ್ವಲ್ಪ ತುಕ್ಕು ಕಂಡಿತು. ತೆಂಗಿನೆಣ್ಣೆ ಹಚ್ಚಿ ಒರೆಸುತ್ತಾ ಕೂತವಳಿಗೆ ಗುಂಡಿ ಮರೆತೇ ಹೋಯಿತು. ಈ ಕತ್ತಿಯಿಂದ ನಾನು ಯಾರ ಗಡ್ಡವನ್ನೂ ತೆಗೆದಿಲ್ಲ, ದೇವರಾಣೆ. ನನ್ನ ನಾಲ್ಕು ವರ್ಷದ ದುಡಿಮೆ ನೀರುಪಾಲಾಗದೆ ಉಳಿದದ್ದು ಮಾತ್ರ ಇದರಿಂದ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕೊಪ್ಪದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾ, ಜೊತೆಗೆ ಪಿಎಚ್.ಡಿ.ಗೂ ಹೆಸರು ಬರೆಸಿಕೊಂಡಿದ್ದೆ. ವಿಷಯ, ನಮ್ಮ ಕಡೆ ಮರಗಳ ಮೇಲೆ ಬೆಳೆಯುವ ಆರ್ಕಿಡ್ ಗಿಡಗಳ ಒಳರಚನೆ. ಅವುಗಳ ಬೇರನ್ನೂ ಎಲೆಯನ್ನೂ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವುದಕ್ಕೆ ಯಾವುದು ನೆಂಟ ಎಂದು ಹೇಳಬೇಕು. ಹೂವಿದ್ದರೆ ಈ ಕಷ್ಟವಿಲ್ಲ. ಹೂವಿನ ಮುಖ ನೋಡಿ ಕುಲಗೋತ್ರ ಹೇಳಿಬಿಡಬಹುದು. ಆದರೆ ಈ ಪುಣ್ಯಾತ್ಮ ಗಿಡಗಳು ವರ್ಷದಲ್ಲಿ ಎರಡು ವಾರ ಹೂಬಿಟ್ಟು ಉಳಿದ ಐವತ್ತು ವಾರ ಗುರುತೇ ಕೊಡದೆ ಕೂತಿರುತ್ತವೆ. ಆಗ ಒಳಗಿನ ಗುಣ ನೋಡಬೇಕು. ನೋಡಿದರೆ ಸಂಬಂಧ ತಿಳಿಯುತ್ತದೆ ಎನ್ನುವುದು ನನ್ನ ವಾದ. ನನ್ನ ಪ್ರಬಂಧ ಪೂರ್ತಿ ನಿಂತದ್ದೇ ಆ ಒಂದು ಮಾತಿನ ಮೇಲೆ.

ಬೇಗಾರಿನಲ್ಲಿದ್ದ ಅಮ್ಮನಿಗೆ ಇದನ್ನು ತಿಳಿಸಿ ಹೇಳುವುದರಲ್ಲಿ ನಾನು ಸೋತೆ. ನಮ್ಮಲ್ಲಿ ಮರದ ಮೇಲೆ ಹುಟ್ಟಿದ್ದೆಲ್ಲ ಬಂದಣಿಕೆಯೇ. ಅದನ್ನು ಕಂಡಲ್ಲಿ ಕತ್ತರಿಸುವುದು ರೂಢಿ. "ಎಂತದೇ ಕೂಸೆ, ಬೇರೆಯವ್ರು ಕಡಿದು ಬಿಸಾಡೋ ಬಂದಣಿಕೆನ ನೀನು ಮನೆಗೆ ತಂದು ಕೊಯ್ತೆ ಅಂದ್ರೆ?" ಎಂದು ಕೇಳುತ್ತಿದ್ದಳು. ಆರ್ಕಿಡ್ ಬಂದಣಿಕೆ ಅಲ್ಲ ಅಮ್ಮಾ, ಅದು ಮರದ ರಸ ಕುಡಿಯುವುದಿಲ್ಲ, ಸುಮ್ಮನೆ ಕೂರಲು ಜಾಗ ಕೇಳುತ್ತದೆ ಅಷ್ಟೆ ಎಂದರೆ, "ಕೂರೋಕೆ ಜಾಗ ಕೊಟ್ರೆ ಊಟಕ್ಕೂ ಎಲೆ ಹಾಕ್ಬೇಕಾಗ್ತದೆ" ಎಂದು ತನ್ನ ಅನುಭವದಿಂದ ಉತ್ತರ ಕೊಟ್ಟಳು.

ಆದರೆ ಈ ಶಾಸ್ತ್ರದಲ್ಲಿ ನನಗಿಂತ ಮೊದಲು ಡಾಕ್ಟರೇಟ್ ಸಿಗಬೇಕಾಗಿದ್ದದ್ದು ನನ್ನ ಅಜ್ಜಿಗೆ. ಮದುವೆಮನೆಯಲ್ಲಿ ಚಾಪೆಯ ಮೇಲೆ ಕೂತು, ಹೋಗಿ ಬರುವವರ ಕಾಲನ್ನೇ ನೋಡುತ್ತಿದ್ದಳು. "ಆ ಹುಡುಗಿ ಹರಿಹರಪುರದ ಕಡೆಯವಳು, ಹೆಬ್ಬೆರಳಿನ ಪಕ್ಕದ ಬೆರಳು ಉದ್ದ ನೋಡು" ಎನ್ನುವಳು. ವಿಚಾರಿಸಿದರೆ ಸರಿಯಾಗಿಯೇ ಇರುತ್ತಿತ್ತು. ಸೀರೆ, ಒಡವೆ, ಮುಖಕ್ಕೆ ಹಚ್ಚಿದ ಪೌಡರು ಯಾವುದನ್ನೂ ಅವಳು ನಂಬುತ್ತಿರಲಿಲ್ಲ. ಅವನ್ನೆಲ್ಲ ಎರವಲು ತರಬಹುದು, ಬೆರಳನ್ನು ತರಲಾಗುವುದಿಲ್ಲ ಎನ್ನುತ್ತಿದ್ದಳು. ನಾನು ಮಾಡಹೊರಟದ್ದು ಅದನ್ನೇ.

ಕೊಯ್ಯುವುದು ಎಂದೆನಲ್ಲ, ಅದೇ ನನಗೆ ಬರುತ್ತಿರಲಿಲ್ಲ. ಗಾಳಿಯಲ್ಲಿ ಜೋತಾಡುವ ಈ ಬೇರುಗಳಿಗೆ ಬಿಳಿಯ ಸ್ಪಂಜಿನಂಥ ಹೊದಿಕೆ ಇರುತ್ತದೆ, ಮಂಜನ್ನೂ ಮಳೆಹನಿಯನ್ನೂ ಹೀರಿಕೊಳ್ಳಲು. ಹೊರಗೆ ಮೆತ್ತಗೆ, ಒಳಗೆ ನಾರು. ಕ್ಯಾರೆಟ್ಟನ್ನು ಸೀಳಿ, ಅದರ ನಡುವೆ ಬೇರಿನ ತುಂಡನ್ನು ಇಟ್ಟು ಹಿಡಿದುಕೊಂಡು ಬ್ಲೇಡಿನಿಂದ ಕೊಯ್ಯಬೇಕು. ನಾನು ಕೊಯ್ದರೆ ಹೊದಿಕೆ ಒಂದು ಕಡೆ, ನಾರು ಒಂದು ಕಡೆ, ನನ್ನ ಹೆಬ್ಬೆರಳಿನ ಚರ್ಮ ಇನ್ನೊಂದು ಕಡೆ. ನನ್ನ ಗೈಡ್, ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು, ನನ್ನ ಮೊದಲ ಸ್ಲೈಡುಗಳನ್ನು ನೋಡಿ, "ಇದು ಸೆಕ್ಷನ್ ಅಲ್ಲಮ್ಮ, ಉಪ್ಪಿನಕಾಯಿ ಹೋಳು" ಎಂದರು. ಬ್ಲೇಡ್ ಚೆನ್ನಾಗಿಲ್ಲ ಸಾರ್ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇಷ್ಟ್ರು ಆ ಗಾದೆ ಹೇಳಲಿಲ್ಲ, ಅವರ ಮುಖ ಹೇಳಿತು. "ನಾವೆಲ್ಲ ಕಲಿತದ್ದು ಕ್ಷೌರದ ಕತ್ತಿಯಲ್ಲಿ. ಎಲ್ಲಾದ್ರೂ ಸಿಗುತ್ತಾ ನೋಡು" ಎಂದರು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಶೀನಣ್ಣನ ಕ್ಷೌರದಂಗಡಿ ಇತ್ತು. ಅದರ ಎದುರು ನಾನು ಮೂರು ದಿನ ಹಾದುಹೋದೆ. ಒಳಗೆ ಕನ್ನಡಿಯ ಮುಂದೆ ನನ್ನ ವಿದ್ಯಾರ್ಥಿಗಳೇ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿರುತ್ತಿದ್ದರು. ಕಾಲೇಜಿನ ಮೇಡಂ ಕ್ಷೌರದಂಗಡಿಗೆ ನುಗ್ಗಿದರೆ ಸಂಜೆಯೊಳಗೆ ಅದು ಶೃಂಗೇರಿಯವರೆಗೆ ಮುಟ್ಟುತ್ತದೆ. ಕೊನೆಗೆ ನೆನಪಾಯಿತು, ಮಂಗಳವಾರ ಕ್ಷೌರದಂಗಡಿಗೆ ರಜೆ. ಮಂಗಳವಾರ ಹೋದೆ. ಅರ್ಧ ಬಾಗಿಲು ಹಾಕಿಕೊಂಡು ಶೀನಣ್ಣ ಒಳಗೆ ಕನ್ನಡಿ ಒರೆಸುತ್ತಿದ್ದರು. ಅರವತ್ತರ ಆಸುಪಾಸಿನ ಸಣ್ಣ ಆಳು, ಕಿವಿಯ ಮೇಲೆ ಸದಾ ಒಂದು ಬಾಚಣಿಗೆ. ನಾನು ಪರ್ಸಿನಿಂದ ಬೇರಿನ ತುಂಡು ತೆಗೆದು, ಇದನ್ನು ತೆಳ್ಳಗೆ ಕೊಯ್ಯಬೇಕಿತ್ತು ಎಂದು ಹೇಳಿದೆ. ಅವರು ಬೇರನ್ನೂ ನೋಡಿದರು, ನನ್ನನ್ನೂ ನೋಡಿದರು.

"ಎಷ್ಟು ತೆಳ್ಳಗೆ?"

"ಅದರ ಹಿಂದಿನ ಅಕ್ಷರ ಓದೋಕಾಗ್ಬೇಕು, ಅಷ್ಟು."

"ಹಂಗಾರೆ ಬ್ಲೇಡಲ್ಲಿ ಆಗ್ಲಿಕ್ಕಿಲ್ಲ ಮೇಡಂ" ಎಂದು ಒಳಗಿನ ಪೆಟ್ಟಿಗೆಯಿಂದ ಈ ಕತ್ತಿಯನ್ನು ತೆಗೆದರು. ಎಲ್ಲ ಅಂಗಡಿಗಳಿಗೂ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂದಮೇಲೆ ಇದಕ್ಕೆ ಕೆಲಸವಿರಲಿಲ್ಲ. ಸಾಣೆಕಲ್ಲಿಗೆ ಎಣ್ಣೆ ಬಿಟ್ಟು ಉಜ್ಜಿದರು, ಗೋಡೆಗೆ ತೂಗುಹಾಕಿದ್ದ ತೊಗಲ ಪಟ್ಟಿಯ ಮೇಲೆ ಹಿಂದೆ ಮುಂದೆ ಆಡಿಸಿದರು, ತಮ್ಮ ಮುಂಗೈಯ ಒಂದು ಕೂದಲನ್ನು ತೆಗೆದು ನೋಡಿದರು. ಆಮೇಲೆ ನನಗೆ ಪಾಠ ಶುರುವಾಯಿತು. "ಒತ್ಬಾರ್ದು, ಎಳೀಬೇಕು. ಮೊಣಕೈ ಮೈಗೆ ಅಂಟಿರ್ಲಿ. ಉಸಿರು ಹಿಡ್ಕೊಂಡು ಕೊಯ್ಯೋರು ರಕ್ತ ತೆಗೀತಾರೆ. ಉಸಿರು ಬಿಡ್ತಾ ಎಳೀರಿ." ತಾವು ಮಡಕೆಗೆ ನೊರೆ ಹಚ್ಚಿ, ಅದನ್ನೇ ಬೋಳಿಸಿ ಕಲಿತದ್ದು ಎಂದರು. ನಾನು ಕ್ಯಾರೆಟ್ಟಿನಲ್ಲಿ ಕಲಿತೆ. ಮುಂದಿನ ಎರಡು ತಿಂಗಳು ನನ್ನ ಬಾಡಿಗೆ ಕೋಣೆಯಲ್ಲಿ ದಿನವೂ ಕ್ಯಾರೆಟ್ ಪಲ್ಯ.

ಮಂಗಳವಾರ ಕತ್ತಿ ಹಿಡಿದುಕೊಂಡು ಅವರಲ್ಲಿಗೆ ಹೋಗುವುದು, ಅವರು ಪಟ್ಟಿಗೆ ಆಡಿಸಿ ಕೊಡುವುದು ನಮ್ಮ ಪದ್ಧತಿಯಾಯಿತು. ಒಂದು ದಿನ ಕೊಯ್ದ ಚೂರೊಂದು ನೀರಿನ ಬಟ್ಟಲಲ್ಲಿ ಇದೆಯೋ ಇಲ್ಲವೋ ಎನ್ನುವ ಹಾಗೆ ತೇಲಿತು. ಕುಂಚದಿಂದ ಎತ್ತಿ, ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ದುಂಡಗೆ ಒಂದು ರಂಗೋಲಿ. ಹೊರಗೆ ಹೊದಿಕೆಯ ಸಾಲುಗಳು, ಅದರೊಳಗೆ ದಪ್ಪ ಗೋಡೆಯ ಕೋಶಗಳ ಒಂದು ಬಳೆ, ನಡುವೆ ನಾರಿನ ಕಟ್ಟು. ನನಗೆ ಅಳು ಬಂತು. ಕ್ಯಾರೆಟ್ಟಿಗಂತೂ ಬಿಡುಗಡೆ ಸಿಕ್ಕಿತು.

ಈಗ ತಿಮ್ಮಪ್ಪಣ್ಣನ ವಿಷಯಕ್ಕೆ ಬರಬೇಕು. ನರಸಿಂಹರಾಜಪುರದ ಆಚೆ ಅವರದೊಂದು ಸಣ್ಣ ಗದ್ದೆ, ಗದ್ದೆಯ ಅಂಚಿನಲ್ಲಿ ದೊಡ್ಡ ಮತ್ತಿ ಮರ, ಹಲಸು, ಮಾವು. ಆ ಮರಗಳ ಮೇಲೆ ಎಷ್ಟೊಂದು ಆರ್ಕಿಡ್ ಎಂದರೆ ನನಗೆ ಬೇರೆ ಕಾಡೇ ಬೇಕಿರಲಿಲ್ಲ. ಅಡಿಕೆ ಕೊನೆ ತೆಗೆಯುವುದರಲ್ಲಿ ಹೆಸರಾದ ಆಳು ಅವರು. ಮರ ಹತ್ತುವುದು ಅವರಿಗೆ ನಮಗೆ ಮೆಟ್ಟಿಲು ಹತ್ತಿದಷ್ಟೇ ಸಲೀಸು. ನಾನು ಒಂದೊಂದು ಗಿಡಕ್ಕೂ ಒಂದೊಂದು ನಂಬರಿನ ತಗಡು ಕೊಟ್ಟಿದ್ದೆ. ಅವರು ಮೇಲೆ ಹೋಗಿ ಗಿಡದ ಪಕ್ಕ ಮೊಳೆ ಹೊಡೆದು ಬರುತ್ತಿದ್ದರು. ಹದಿನಾಲ್ಕನೆಯ ನಂಬರು ಮತ್ತಿ ಮರದ ಮೇಲಿನ ಸೀತಾಳೆ ದಂಡೆ. ನಮ್ಮ ಹುಡುಗಿಯರು ಮುಡಿಯುತ್ತಾರಲ್ಲ, ಬಿಳಿ ನೇರಳೆ ಹೂವಿನ ಉದ್ದ ಜಡೆ, ಅದೇ. ಹೂಬಿಟ್ಟಾಗ ನಾನೇ ಕಣ್ಣಾರೆ ಕಂಡು ಬರೆದುಕೊಂಡಿದ್ದೆ. ಹೂ ಮುಗಿದಮೇಲೆ ಸ್ವಲ್ಪ ಬೇರು, ಎರಡು ಎಲೆ ತನ್ನಿ ಎಂದರೆ ತಿಮ್ಮಪ್ಪಣ್ಣ ಇಡೀ ಗಿಡವನ್ನೇ ಕಿತ್ತು ತಂದರು. ನನಗೂ ಆಸೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಬೇಕಾದಷ್ಟನ್ನು ಕತ್ತರಿಸಿ, ಉಳಿದ ಮೋಟನ್ನು ತೆಂಗಿನ ಸಿಪ್ಪೆಗೆ ಕಟ್ಟಿ ನನ್ನ ಕೋಣೆಯ ಕಿಟಕಿಗೆ ತೂಗುಹಾಕಿ ಮರೆತೆ.

ಬೇರುಗಳನ್ನು ಕೊಪ್ಪಕ್ಕೆ ತರುವುದೂ ಒಂದು ಕಥೆ. ಕೆಡದಿರಲೆಂದು ಅವನ್ನು ಸ್ಪಿರಿಟ್ ಬೆರೆಸಿದ ದ್ರಾವಣದಲ್ಲಿ ಮುಳುಗಿಸುತ್ತಿದ್ದೆ. ಒಮ್ಮೆ ನರಸಿಂಹರಾಜಪುರದಿಂದ ಬರುವಾಗ ಬಸ್ಸು ತಿರುವಿನಲ್ಲಿ ವಾಲಿ, ಬಾಟಲಿಯ ಮುಚ್ಚಳ ಸಡಿಲವಾಗಿ ಚೀಲವೆಲ್ಲ ಒದ್ದೆ. ಕಂಡಕ್ಟರ್ ಮೂಗು ಅರಳಿಸುತ್ತಾ ಹಿಂದಿನ ಸೀಟಿನಿಂದ ಹುಡುಕಿಕೊಂಡು ಬಂದ. "ಎಂತ ಮಾರಾಯ್ರೆ, ಗಂಡಸ್ರೆಲ್ಲ ಸಾಚಾ ಇದಾರೆ, ವಾಸನೆ ಹೆಂಗಸ್ರ ಸೀಟಿಂದ ಬತ್ತಾ ಉಂಟಲ್ಲ?" ಎಂದ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕಡೆ ನೋಡಿ, ಮಡಿಲಲ್ಲಿದ್ದ ಪ್ರಸಾದದ ಪೊಟ್ಟಣವನ್ನು ಆ ಕಡೆಗೆ ಸರಿಸಿಕೊಂಡರು. ಆರ್ಕಿಡ್ ಬೇರು ಎಂದು ನಾನು ಹೇಳಿದ್ದನ್ನು ಇಡೀ ಬಸ್ಸಿನಲ್ಲಿ ಒಬ್ಬರೂ ನಂಬಲಿಲ್ಲ.

ಒಂದು ವರ್ಷ ಕಳೆಯಿತು. ಪ್ರಬಂಧ ಮುಗಿಯುತ್ತಾ ಬಂದಿತ್ತು. ಹದಿನಾಲ್ಕನೆಯ ನಂಬರಿನ ಚಿತ್ರ ಮಸುಕಾಗಿದೆ, ಅದೇ ಗಿಡದ ಬೇರು ತಂದು ಮತ್ತೆ ಕೊಯ್ದು ಫೋಟೊ ತೆಗೆ ಎಂದರು ಮೇಷ್ಟ್ರು. ಪುಸ್ತಕದಲ್ಲಿ ಹದಿನಾಲ್ಕರ ಎದುರು ಮತ್ತಿ ಮರ ಎಂದಿತ್ತು, ಕಿಟಕಿಯ ಮೋಟು ನೆನಪಿಗೇ ಬರಲಿಲ್ಲ. ತಿಮ್ಮಪ್ಪಣ್ಣನಿಗೆ ಹೇಳಿಕಳಿಸಿದೆ, ಹದಿನಾಲ್ಕರ ಬೇರು ಬೇಕು, ಬೇರು ಮಾತ್ರ. ಅವರು ಎಲೆಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿಕೊಟ್ಟರು. ಕೊಯ್ದು ನೋಡಿದೆ. ಹೊದಿಕೆ ಮೊದಲಿನಷ್ಟು ದಪ್ಪವಿಲ್ಲ. ಅದರೊಳಗಿನ ಕೋಶಗಳ ಗೋಡೆ ಮೊದಲು ಕುದುರೆಲಾಳದಂತೆ ಒಂದೇ ಕಡೆ ತೆರೆದಿತ್ತು, ಈಗ ಸುತ್ತಲೂ ಗಟ್ಟಿ. ಹತ್ತು ಸಲ ಕೊಯ್ದೆ, ಹತ್ತು ಸಲವೂ ಅದೇ. ಒಂದೇ ಗಿಡ, ಒಂದೇ ಮರ, ಒಂದೇ ನಂಬರು, ಒಳಗೆ ಮಾತ್ರ ಎರಡು ಬಗೆ.

ಇದರ ಅರ್ಥ ನಿಮಗೆ ಗೊತ್ತಾಯಿತಲ್ಲ? ಒಂದೇ ಗಿಡ ಈ ವರ್ಷ ಒಂದು ಥರ, ಮುಂದಿನ ವರ್ಷ ಇನ್ನೊಂದು ಥರ ಇರುವುದಾದರೆ ಒಳಗಿನ ಗುಣ ನೋಡಿ ಸಂಬಂಧ ಹೇಳುವ ನನ್ನ ಮಾತೇ ಸುಳ್ಳು. ಅಜ್ಜಿ ನೋಡುತ್ತಿದ್ದಂತೆಯೇ ಹುಡುಗಿಯ ಕಾಲ್ಬೆರಳು ಬದಲಾದ ಹಾಗೆ. ಹದಿನಾಲ್ಕು ಬಿದ್ದರೆ ಉಳಿದ ನಲವತ್ತು ಗಿಡಗಳೂ ಬಿದ್ದವು.

ಮೇಷ್ಟ್ರು ಆ ವಾರ ಮನೆಮಂದಿಯೊಡನೆ ಶೃಂಗೇರಿಗೆ ಬರುವವರಿದ್ದರು. ಸ್ಲೈಡುಗಳನ್ನೂ ಕಾಲೇಜಿನ ಹಳೇ ಸೂಕ್ಷ್ಮದರ್ಶಕವನ್ನೂ ಹೊತ್ತುಕೊಂಡು ಅವರಿದ್ದ ವಸತಿಗೃಹಕ್ಕೆ ಹೋದೆ. ಅವರು ಆಗತಾನೆ ದರ್ಶನ ಮುಗಿಸಿ, ಪಂಚೆಯುಟ್ಟು ಜಗಲಿಯಲ್ಲಿ ಕೂತಿದ್ದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು.

"ಕೊಯ್ದದ್ದು ಚೆನ್ನಾಗಿದೆ" ಎಂದರು. ನಾಲ್ಕು ವರ್ಷದಲ್ಲಿ ಅವರು ಹೊಗಳಿದ್ದು ಅದೇ ಮೊದಲು. ಅದನ್ನು ಕೇಳಿ ಸಂತೋಷಪಡುವ ಸ್ಥಿತಿ ನನ್ನದಾಗಿರಲಿಲ್ಲ. "ನೋಡಮ್ಮ, ಕಾರಣ ಗೊತ್ತಾಗದೆ ಇದನ್ನು ಬಿಟ್ಟು ಬರೆಯೋ ಹಾಗಿಲ್ಲ. ಬರೆದರೆ ಮೋಸ. ಮೇ ತಿಂಗಳ ಕೊನೆಗೆ ನಿನ್ನ ಅವಧಿ ಮುಗಿಯುತ್ತೆ. ಅಷ್ಟರೊಳಗೆ ಉತ್ತರ ಸಿಗಲಿಲ್ಲ ಅಂದ್ರೆ ನಾನು ಸಹಿ ಹಾಕೋದಿಲ್ಲ." ಏಪ್ರಿಲ್ ಆಗಲೇ ಅರ್ಧ ಕಳೆದಿತ್ತು. ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಪುರಿ ಹಾಕಿದೆ. ಅವು ಮುಗಿಬಿದ್ದು ತಿಂದವು. ನನ್ನ ಪ್ರಬಂಧವನ್ನೂ ಹರಿದು ಹಾಕಿದರೆ ತಿನ್ನುತ್ತವೋ ಏನೋ ಎಂದುಕೊಂಡೆ.

ಮಂಗಳವಾರ ಬಂತು. ಶೀನಣ್ಣನ ಅಂಗಡಿಗೆ ಹಳೇ ಬೇರಿನದೂ ಹೊಸ ಬೇರಿನದೂ ಎರಡೂ ಬಾಟಲಿ ಹಿಡಿದುಕೊಂಡು ಹೋದೆ. ಮನಸ್ಸಿನಲ್ಲಿ ಒಂದು ಆಸೆ ಮಿಣುಕುತ್ತಿತ್ತು, ತಪ್ಪು ಕತ್ತಿಯದ್ದೇ ಆಗಿರಲಿ ಎಂದು. ಹಳೇ ಬೇರಿನಲ್ಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿದ್ದ ಕತ್ತಿ ಹೊಸ ಬೇರಿನಲ್ಲಿ ತಡೆದು ತಡೆದು ಹೋಗುತ್ತಿತ್ತು. "ಮೊಂಡಾಗಿದೆ ಶೀನಣ್ಣ, ಸ್ವಲ್ಪ ನೋಡಿ" ಎಂದೆ. ಅವರು ಅಲಗಿಗೆ ಹೆಬ್ಬೆರಳು ಸವರಿ ತಲೆಯಾಡಿಸಿದರು. ಹಳೇ ಬೇರಿನ ತುಂಡು ಕೇಳಿ ಪಡೆದು ಒಂದು ಸಲ ಎಳೆದರು. ಹೊಸದನ್ನು ತೆಗೆದುಕೊಂಡು ಒಂದು ಸಲ ಎಳೆದರು. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ.

"ಕತ್ತಿ ಸರಿ ಇದೆ ಮೇಡಂ, ಗಿರಾಕಿ ಬೇರೆ."

"ಇಲ್ಲ ಶೀನಣ್ಣ, ಒಂದೇ ಗಿಡದ್ದು. ನಂಬರ್ ಇದೆ."

"ನಂಬರಿನ ವಿಷ್ಯ ನಂಗೊತ್ತಿಲ್ಲ. ನಲವತ್ತು ವರ್ಷ ಆತು, ಈ ಊರಿನ ಗಡ್ಡ ಎಲ್ಲ ನನ್ನ ಕೈಲಿ ಹೋಗಿದೆ. ಮನುಷ್ಯ ಮುದುಕ ಆಗ್ತಾನೆ, ಗಡ್ಡ ಬೆಳ್ಳಗಾಗ್ತದೆ, ಕತ್ತಿಗೆ ಸಿಗೋ ಹದ ಬದ್ಲಾಗಲ್ಲ. ಇವೆರಡು ಒಂದೇ ಮುಖದ್ದಲ್ಲ ಮಾರಾಯ್ರೆ. ಕಿತ್ತು ಕೊಟ್ಟೋರನ್ನ ಕೇಳಿ."

ನಾನು ಕೇಳಿರಲಿಲ್ಲ. ನನ್ನ ಕೈಯನ್ನು ಅನುಮಾನಿಸಿದ್ದೆ, ಬಣ್ಣವನ್ನು, ಸ್ಪಿರಿಟ್ಟನ್ನು, ಕತ್ತಿಯನ್ನು, ಕೊನೆಗೆ ನಾಲ್ಕು ವರ್ಷ ನಂಬಿದ್ದ ಶಾಸ್ತ್ರವನ್ನೂ ಅನುಮಾನಿಸಿದ್ದೆ. ನಾನೇ ಬರೆದ ನಂಬರನ್ನು ಮಾತ್ರ ಅನುಮಾನಿಸಿರಲಿಲ್ಲ. ಮಾರನೆಯ ದಿನ ರಜೆ ಹಾಕಿ ಬೆಳಗಿನ ಬಸ್ಸಿಗೇ ನರಸಿಂಹರಾಜಪುರಕ್ಕೆ ಹೊರಟೆ.

ತಿಮ್ಮಪ್ಪಣ್ಣ ಗದ್ದೆಯ ಬೇಲಿ ಕಟ್ಟುತ್ತಿದ್ದರು. ಹದಿನಾಲ್ಕನೆಯ ಗಿಡ ತೋರಿಸಿ ಎಂದೆ. "ಅಕಾ, ಅಲ್ಲೇ ಉಂಟಲ್ಲ ಅಮ್ಮ" ಎಂದು ಮತ್ತಿ ಮರದ ಕಡೆ ಕೈ ತೋರಿಸಿದರು. ತಲೆಯೆತ್ತಿ ನೋಡಿದೆ. ಬಿಸಿಲಿಗೆ ಮಿನುಗುವ ನನ್ನ ತಗಡಿನ ಪಕ್ಕದಲ್ಲೇ ಸಪೂರ ಎಲೆಯ ಒಂದು ಗಿಡ, ಅದರ ತುಂಬ ಹಳದಿಯ ಪುಟ್ಟ ಪುಟ್ಟ ಹೂ. ಸೀತಾಳೆ ದಂಡೆಗೂ ಅದಕ್ಕೂ ಅರ್ಥಾತ್ ಸಂಬಂಧವಿಲ್ಲ. ಒಂದನೇ ವರ್ಷದ ವಿದ್ಯಾರ್ಥಿಯೂ ಕೆಳಗೆ ನಿಂತೇ ಹೇಳಬಹುದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯುವವರನ್ನು ನೋಡಿದ್ದೀರಿ, ಸೂಕ್ಷ್ಮದರ್ಶಕವನ್ನೇ ಹಿಡಿದವಳು ನಾನೊಬ್ಬಳೇ ಇರಬೇಕು.

"ತಿಮ್ಮಪ್ಪಣ್ಣ, ಇದು ಅದಲ್ಲ!"

"ಅದು ಹೆಂಗಿರ್ತದೆ ಅಮ್ಮ? ಅದನ್ನ ನೀವು ತಗೊಂಡು ಹೋದ್ರಲ್ಲ" ಎಂದರು, ನನಗೆ ಬುದ್ಧಿ ಸರಿಯಿದೆಯೋ ಇಲ್ಲವೋ ಎನ್ನುವ ಹಾಗೆ ನೋಡುತ್ತಾ. "ಸುವರ್ಣಗೆಡ್ಡೆ ಕಿತ್ರೆ ಮೊಳಕೆ ಇರೋ ತುಂಡನ್ನ ಅದೇ ಗುಂಡಿಗೆ ವಾಪಸ್ ಹಾಕ್ತೇವೆ, ಅಲ್ದಾ? ತೆಗೆದ ಜಾಗ ಖಾಲಿ ಬಿಡ್ಬಾರ್ದು. ಅದಕ್ಕೆ ಹಲಸಿನ ಮರದ್ದೊಂದು, ನಂಬರಿಲ್ಲದ್ದು ನೋಡಿ ತಂದು ಬಾಳೆನಾರಲ್ಲಿ ಕಟ್ಟಿದೆ. ಚೆನ್ನಾಗಿ ಹಿಡೀತು. ನಿಮ್ಮ ನಂಬರು ಬೇರೆ ಅಲ್ಲೇ ಉಳಿದಿತ್ತು. ನಂಬರ್ ಇದ್ಮೇಲೆ ಗಿಡ ಇರ್ಬೇಕಲ್ಲ?"

ನಾನು ಗದ್ದೆಯ ಬದುವಿನ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂತು ಎನ್ನುತ್ತಾರಲ್ಲ, ಅದು ಯಾವ ದಾರಿಯಿಂದ ಬರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು, ಅಂಗಾಲಿನಿಂದ. ನಗಲು ಹೋದರೆ ಅಳು, ಅಳಲು ಹೋದರೆ ನಗು. ಬೇರು ಸುಳ್ಳು ಹೇಳಿರಲಿಲ್ಲ. ಎರಡು ಗಿಡ, ಎರಡು ಬಗೆ, ಇರಬೇಕಾದದ್ದೇ ಹಾಗೆ. ಅಷ್ಟೇ ಅಲ್ಲ, ಹೆಸರು ಗೊತ್ತಿಲ್ಲದ ಬೇರನ್ನು ಬರೀ ಒಳಗುಣದಿಂದ ಬೇರೆ ಎಂದು ಹಿಡಿದಂತಾಗಿತ್ತು. ನಾನು ಹಿಡಿಯಲಿಲ್ಲ, ಶೀನಣ್ಣ ಹಿಡಿದದ್ದು, ಅದು ಬೇರೆ ಮಾತು. ತಿಮ್ಮಪ್ಪಣ್ಣನ ಹೆಂಡತಿ ಗಾಬರಿಯಾಗಿ ಬೆಲ್ಲ ನೀರು ತಂದುಕೊಟ್ಟರು. ನನಗೆ ಬಿಸಿಲು ಹೊಡೆದಿದೆ ಎಂದುಕೊಂಡರಂತೆ.

ಪೇಟೆಗೆ ಬಂದು ಬೂತಿನಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಕ್ಷೌರದಂಗಡಿ, ಹಲಸಿನ ಮರ, ಸುವರ್ಣಗೆಡ್ಡೆ. ಆ ಕಡೆ ಮೇಷ್ಟ್ರು ನಗುತ್ತಿದ್ದರು. "ಸದ್ಯ, ಬದುಕಿದೆವಮ್ಮ" ಎಂದರು. ಬದುಕಿದೆ ಎನ್ನಲಿಲ್ಲ, ಬದುಕಿದೆವು ಎಂದರು. ಅವರೂ ಅಷ್ಟು ದಿನ ನಿದ್ದೆಗೆಟ್ಟಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು. "ಪರೀಕ್ಷಕರು ಯಾರಾದ್ರೂ ಬರಲಿ, ನಿನ್ನ ಮೊದಲ ಪರೀಕ್ಷಕರು ಆ ಶೀನಣ್ಣನವರು. ನನ್ನ ನಮಸ್ಕಾರ ಹೇಳು."

ಹೇಳಿದೆ. ಪ್ರಬಂಧ ಮುಗಿದಮೇಲೆ ಆ ಹದಿನಾಲ್ಕರ ಬೇರಿನ ಫೋಟೊ ಒಂದನ್ನು ದೊಡ್ಡದು ಮಾಡಿಸಿ ಶೀನಣ್ಣನಿಗೆ ಕೊಟ್ಟೆ. ಅವರು ಅದನ್ನು ಕನ್ನಡಿಯ ಪಕ್ಕ, ಬಗೆಬಗೆಯ ತಲೆಕಟ್ಟಿನ ಚಿತ್ರಗಳ ಸಾಲಿನಲ್ಲಿ ಅಂಟಿಸಿದರು. ಇದು ಯಾವ ಕಟಿಂಗ್ ಎಂದು ಗಿರಾಕಿಗಳು ಕೇಳುತ್ತಿದ್ದರಂತೆ. "ಅದು ನಿಮ್ಮ ಕೈಲಾಗಲ್ಲ, ಸುಮ್ನೆ ಕೂತ್ಕಳಿ" ಎನ್ನುತ್ತಿದ್ದರಂತೆ. ಕತ್ತಿಯನ್ನು ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಉಳಿಯಿತು. ಅವತ್ತು ಬದುವಿನ ಮೇಲೆ ಬೆಲ್ಲ ನೀರು ಕುಡಿಯುತ್ತಾ ತಿಮ್ಮಪ್ಪಣ್ಣನನ್ನು ಕೇಳಿದ್ದೆ, "ಹಲಸಿನ ಮರದ್ದನ್ನು ಇಲ್ಲಿಗೆ ಕಟ್ಟಿದ್ರಿ, ಸರಿ. ಹಲಸಿನ ಮರದ ಜಾಗ ಖಾಲಿಯಾಯ್ತಲ್ಲ?"

"ಅಲ್ಲಿಗೆ ಮಾವಿನ ಮರದ್ದು ಕಟ್ಟಿದೆ."

"ಮಾವಿನ ಮರಕ್ಕೆ?"

ತಿಮ್ಮಪ್ಪಣ್ಣ ತಲೆಯ ಮುಂಡಾಸು ತೆಗೆದು ಮುಖ ಒರೆಸಿಕೊಂಡರು. "ಅಲ್ಲಿ ಒಂದು ಜಾಗ ಹಂಗೇ ಇದೆ ಅಮ್ಮ. ಎಲ್ಲಿಂದ ತರೋದು?"

ಆ ವಾರವೇ ಕಿಟಕಿಗೆ ತೂಗುಹಾಕಿ ಮರೆತಿದ್ದ ಮೋಟನ್ನು ಇಳಿಸಿದೆ. ನೀರಿಲ್ಲದೆ, ನೋಡುವವರಿಲ್ಲದೆ ವರ್ಷ ಕಳೆದಿದ್ದರೂ ಪಕ್ಕದಲ್ಲಿ ಒಂದು ಮರಿ ಒಡೆದು, ಎರಡು ಹಸಿರು ಎಲೆ, ಒಂದು ಬೆಳ್ಳನೆಯ ಬೇರು. ಇದೇ ನಿಜವಾದ ಹದಿನಾಲ್ಕು. ಮಡಿಲಲ್ಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ಹೋದೆ. ತಿಮ್ಮಪ್ಪಣ್ಣ ಮಾವಿನ ಮರಕ್ಕೆ ಏಣಿ ಒರಗಿಸಿ ತಾವೇ ಹತ್ತಹೊರಟರು. ನಾನು ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಾನೇ ಹತ್ತಿದೆ. ತೊಗಟೆಯ ಮೇಲೆ ಹಳೇ ಬೇರುಗಳ ಬಿಳಿ ಗುರುತು ಇನ್ನೂ ಇತ್ತು. ಅಲ್ಲಿಗೇ ಆ ಮರಿಯನ್ನಿಟ್ಟು ಬಾಳೆನಾರು ಸುತ್ತಿದೆ. ಬೀಳಬಾರದೆಂದು ಬಿಗಿಯಾಗಿ ಸುತ್ತಿದೆ, ಮತ್ತೊಂದು ಸುತ್ತು ಬಿಗಿದೆ. ಜೇಬಿಲ್ಲದ್ದರಿಂದ, ಮತ್ತಿ ಮರದಿಂದ ಕೀಳಿಸಿಕೊಂಡಿದ್ದ ಹದಿನಾಲ್ಕರ ತಗಡು, ಮೊಳೆ ಎರಡನ್ನೂ ಬಾಯಲ್ಲಿ ಕಚ್ಚಿಕೊಂಡಿದ್ದೆ.

ಕೆಳಗೆ ಏಣಿ ಹಿಡಿದು ನಿಂತಿದ್ದ ತಿಮ್ಮಪ್ಪಣ್ಣ ನೋಡಿ ನೋಡಿ ತಡೆಯಲಾರದೆ ಕೂಗಿದರು.

"ಅಷ್ಟು ಬಿಗಿ ಬೇಡ ಅಮ್ಮ, ಸಡ್ಲ ಬಿಡಿ. ಹಿಡ್ಕಳೋದು ಅದಕ್ಕೆ ಗೊತ್ತುಂಟು."

ಒಂದು ಸುತ್ತು ಬಿಚ್ಚಿದೆ. ತಗಡನ್ನು ಹೊಡೆಯದೆ ಹಾಗೆಯೇ ಕೆಳಗಿಳಿದು ಬಂದೆ.